ಎತ್ತಿಗೆ ಜ್ವರ, ಎಮ್ಮೆಗೆ ಬರೆ

ನಮ್ಮ ಮಾತಿನಲ್ಲಿ ಹುಳ ಎನ್ನುವುದು ಬೈಗುಳಕ್ಕೆ ಸಮ. ಅಕ್ಕಿಯಲ್ಲಿ ಕಂಡರೂ ಹುಳ, ಮಕ್ಕಳ ಹೊಟ್ಟೆಯಲ್ಲಿದ್ದರೂ ಹುಳ, ಹಲ್ಲು ಕೆಟ್ಟರೂ ಹುಳ, ದೀಪಕ್ಕೆ ಮುತ್ತಿದರೂ ಹುಳ. ಇಡೀ ಹುಳುಕುಲದಲ್ಲಿ ರೇಷ್ಮೆ ಹುಳ ಒಂದಕ್ಕೆ ಮಾತ್ರ ನಾವು ಹೆಂಗಸರು ಸ್ವಲ್ಪ ಮರ್ಯಾದೆ ಕೊಟ್ಟಿದ್ದೇವೆ. ಅದೂ ಸೀರೆ ಕೊಡುತ್ತದೆ ಎಂದು! ಅದನ್ನು ಕುದಿಯುವ ನೀರಿಗೆ ಹಾಕಿದ ಮೇಲೆಯೇ ಸೀರೆ ಬರುವುದು ಎನ್ನುವುದನ್ನು ಮದುವೆ ಮನೆಯಲ್ಲಿ ಯಾರೂ ನೆನೆಯುವುದಿಲ್ಲ.

ಕನ್ನಡ ಕಲಿಸುವವಳಾದ ನನಗೆ ಈ ಒಂದು ಪದದ ಮೇಲೆ ಇತ್ತೀಚೆಗೆ ಸಿಟ್ಟು ಬಂದಿದೆ. ಕಾರಣ ಕೇಳಿ. ಕೆರೆಯಲ್ಲಿ ಬಸವನಹುಳು ಇದೆ. ಅದರ ಹೊಟ್ಟೆಯೊಳಗೆ ಬೆಳೆದು ಕುರಿಯ ಲಿವರಿಗೆ ಸೇರುವ ಚಪ್ಪಟೆ ಹುಳು ಇದೆ. ಆ ಬಸವನಹುಳುವನ್ನು ಹಿಡಿದು ಹೀರಿ ಬಿಸಾಡುವ ನೀರುತಿಗಣೆಯೂ ಇದೆ. ಕಳ್ಳ, ಕಳ್ಳನಿಗೆ ಮನೆಯಲ್ಲಿ ಜಾಗ ಕೊಟ್ಟವನು, ಊರ ಕಾವಲುಗಾರ, ಈ ಮೂವರಿಗೂ ನಮ್ಮಲ್ಲಿ ಒಂದೇ ಹೆಸರು: ಹುಳ. ಹೆಸರು ಒಂದೇ ಆದ ಮೇಲೆ ಶಿಕ್ಷೆಯೂ ಒಂದೇ ಆಯಿತು. ಒಂದು ಡಬ್ಬಿ 'ಔಷಧಿ' ತಂದು ಕೆರೆಗೆ ಸುರಿಯುವುದು.

ಆ ಔಷಧಿ ಎನ್ನುವ ಪದವೂ ಅಷ್ಟೇ. ಹೊಲಕ್ಕೆ ಹೊಡೆಯುವ ವಿಷವನ್ನು ನಮ್ಮ ಸೀಮೆಯಲ್ಲಿ ಔಷಧಿ ಅನ್ನುತ್ತಾರೆ, ಇಲ್ಲವೇ ಎಣ್ಣೆ ಅನ್ನುತ್ತಾರೆ. ಮಗುವಿಗೆ ಕುಡಿಸುವುದೂ ಔಷಧಿ, ಮೆಕ್ಕೆಜೋಳಕ್ಕೆ ಹೊಡೆಯುವುದೂ ಔಷಧಿ. ಕುಡಿದು ಸತ್ತವರ ಸುದ್ದಿ ಬರೆಯುವಾಗ ಮಾತ್ರ ಪತ್ರಿಕೆಯವರಿಗೆ ಅದು ವಿಷ ಎಂದು ನೆನಪಾಗುತ್ತದೆ.

ವಿಷಯಕ್ಕೆ ಬರುತ್ತೇನೆ. ನಾನಿರುವುದು ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಯಲ್ಲಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲವೂ 2021ರಿಂದ ವಿಜಯನಗರ ಜಿಲ್ಲೆಯಲ್ಲಿವೆ. ಜಿಲ್ಲೆಯ ಹೆಸರು ಬದಲಾಗಿದೆ, ಮಳೆ ಬದಲಾಗಿಲ್ಲ. ಮಳೆ ಕಡಿಮೆ, ಕುರಿ ಹೆಚ್ಚು. ಬಳ್ಳಾರಿ ಕುರಿ ಎಂದು ಒಂದು ತಳಿಗೇ ಹೆಸರಿದೆ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಮಗಳ ಮದುವೆ, ಮಗನ ಕಾಲೇಜು ಫೀಸು, ಅತ್ತೆಯ ಆಪರೇಷನ್ನು ಎಲ್ಲಕ್ಕೂ ಕುರಿಯೇ ಬ್ಯಾಂಕು.

2022ರ ಮಳೆಗೆ ನಮ್ಮ ಸುತ್ತಿನ ಕೆರೆಗಳು ತುಂಬಿದವು. ಮರುವರ್ಷ ಮಳೆ ಕೈಕೊಟ್ಟಿತು. ಕೆರೆ ಇಳಿಯುತ್ತ ಬಂತು. ಸುತ್ತ ಎಲ್ಲಿಯೂ ಹಸಿರಿಲ್ಲದಾಗ ನೀರು ಇಳಿದ ಅಂಚಿನಲ್ಲಿ ಮಾತ್ರ ಎಳೆ ಗರಿಕೆ ಚಿಗುರುತ್ತದೆ. ಕುರಿಗಳೆಲ್ಲ ಅಲ್ಲಿಗೇ ಮುಗಿಬೀಳುತ್ತವೆ. ಪಕ್ಕದ ಊರೊಂದರಲ್ಲಿ (ಹೆಸರು ಬೇಡ, ಆ ಊರಿನ ಮಕ್ಕಳು ನಮ್ಮ ಶಾಲೆಗೆ ಬರುತ್ತಾರೆ) ಕುರಿಗಳು ಸೊರಗತೊಡಗಿದವು. ಗದ್ದದ ಕೆಳಗೆ ನೀರು ತುಂಬಿದ ಚೀಲದಂತೆ ಬಾವು, ಕಣ್ಣಿನ ರೆಪ್ಪೆ ಬಿಡಿಸಿದರೆ ಒಳಗೆ ಬಿಳಿಚು. ನನ್ನ ವಿದ್ಯಾರ್ಥಿಯೊಬ್ಬಳ ತಾಯಿಯ ಏಳು ಕುರಿ ಹೋದವು. ಸತ್ತ ಕುರಿಯನ್ನು ಕೊಯ್ದಾಗ ಲಿವರಿನ ನಾಳಗಳಲ್ಲಿ ಎಲೆಯಂಥ ಚಪ್ಪಟೆ ಹುಳುಗಳು. ಪಶುವೈದ್ಯರು ಬಂದು ನೋಡಿ, ಉಳಿದವಕ್ಕೆ ಜಂತಿನ ಔಷಧಿ ಕುಡಿಸಿ, ಇದು ಕೆರೆಯ ಬಸವನಹುಳುವಿನಿಂದ ಬರುತ್ತದೆ ಎಂದು ತಿಳಿಸಿ ಹೋದರು. ಅವರು ಸರಿಯಾಗಿಯೇ ಹೇಳಿದರು. ಕೇಳಿಸಿಕೊಂಡವರು ಸಭೆ ಸೇರಿ, ಹೊಲಕ್ಕೆ ಹೊಡೆದು ಮಿಕ್ಕ ಡಬ್ಬಿಗಳನ್ನೆಲ್ಲ ಒಟ್ಟುಮಾಡಿ ಕೆರೆಯ ಅಂಚಿಗೆ ಸುರಿದರು.

ಮೂರನೆಯ ದಿನ ನಾನು ಹೋಗಿ ನೋಡಿದೆ. ಮೀನಿನ ಮರಿ, ಕಪ್ಪೆಯ ಗೊದ್ದ, ನೀರುತಿಗಣೆ, ನೀರುಜೀರುಂಡೆ, ಏರೋಪ್ಲೇನ್ ಚಿಟ್ಟೆಯ ಮರಿ ಎಲ್ಲವೂ ಸತ್ತು ದಡಕ್ಕೆ ಬಂದಿದ್ದವು. ಬಸವನಹುಳು? ಕಲ್ಲಿನ ಕೆಳಗೆ ಅಂಟಿಕೊಂಡು ಹಾಯಾಗಿತ್ತು.

ಇದು ನಮ್ಮೂರಿನ ಹಣೆಬರಹ ಮಾತ್ರವಲ್ಲ. ಕೀಟನಾಶಕಗಳಲ್ಲಿ ಬಹುಪಾಲು ಕೀಟದ ನರಕ್ಕೆ ಗುರಿಯಿಟ್ಟು ಮಾಡಿದವು. ಬಸವನಹುಳು ಹೆಸರಿಗೆ ಹುಳು, ಆದರೆ ಕೀಟವಲ್ಲ. ಅದಕ್ಕೆ ಆರು ಕಾಲಿಲ್ಲ, ಕಾಲೇ ಇಲ್ಲ. ಅದು ಮೃದ್ವಂಗಿ, ಕಪ್ಪೆಚಿಪ್ಪಿನ ಬಳಗ. ಕೀಟಕ್ಕೆ ಸಾಯುವಷ್ಟು ವಿಷ ಅದಕ್ಕೆ ಏನೂ ಅಲ್ಲ. ಆಫ್ರಿಕದ ಕೀನ್ಯಾ ದೇಶದಲ್ಲಿ ವಿಕ್ಟೋರಿಯಾ ಸರೋವರದ ಕಡೆ 48 ತಾಣಗಳ ನೀರನ್ನು ಪರೀಕ್ಷಿಸಿದ ವಿಜ್ಞಾನಿಗಳು 2020ರಲ್ಲಿ ಇದನ್ನೇ ಬರೆದರು: ಕೀಟನಾಶಕ ಸೇರಿದ ನೀರಿನಲ್ಲಿ ಬಸವನಹುಳುವಿನ ಎದುರಾಳಿಗಳು ಕುಗ್ಗುತ್ತವೆ, ರೋಗ ಹರಡುವ ಬಸವನಹುಳು ಹಿಗ್ಗುತ್ತದೆ. ಅಲ್ಲಿ ಅದು ಕುರಿಯ ರೋಗದ ಮಾತಲ್ಲ, ಮನುಷ್ಯರ ರಕ್ತನಾಳದಲ್ಲಿ ಹುಳು ಸೇರಿ ಮೂತ್ರಕೋಶ, ಕರುಳು, ಲಿವರನ್ನು ಕೆಡಿಸುವ ಬಿಲ್ಹಾರ್ಜಿಯಾದ ಮಾತು. ನಮ್ಮ ಪುಣ್ಯ, ಆ ರೋಗ ನಮ್ಮ ದೇಶದಲ್ಲಿ ಬೇರೂರಲಿಲ್ಲ. 1952ರ ಹೊತ್ತಿಗೆ ರತ್ನಾಗಿರಿ ಜಿಲ್ಲೆಯ ಗಿಮ್ವಿ ಎಂಬ ಹಳ್ಳಿಯಲ್ಲಿ ಕಾಣಿಸಿಕೊಂಡದ್ದು ಬಿಟ್ಟರೆ ಹೇಳಿಕೊಳ್ಳುವಂಥದ್ದಿಲ್ಲ. ಆದರೆ ದನ-ಕುರಿಗಳಿಗೆ ಆ ಪುಣ್ಯವಿಲ್ಲ.

ಕುರಿಯ ಲಿವರಿನ ಹುಳು ಮೊಟ್ಟೆಯಿಡುತ್ತದೆ. ಮೊಟ್ಟೆ ಹಿಕ್ಕೆಯಲ್ಲಿ ಹೊರಬಂದು ನೀರು ಸೇರಿ ಒಡೆಯುತ್ತದೆ. ಕಣ್ಣಿಗೆ ಕಾಣದ ಮರಿಯೊಂದು ಈಜಿ ಹೋಗಿ ಒಂದು ಜಾತಿಯ ಬಸವನಹುಳುವಿನ ಮೈ ಹೊಗುತ್ತದೆ. ಹೊಕ್ಕದ್ದು ಒಂದಾದರೆ ವಾರಗಳ ಮೇಲೆ ಹೊರಬರುವುದು ನೂರಾರು. ಅವು ನೀರಂಚಿನ ಹುಲ್ಲಿಗೆ ಅಂಟಿ, ಕೋಶ ಕಟ್ಟಿಕೊಂಡು ಕುರಿಯ ಬಾಯಿಗಾಗಿ ಕಾಯುತ್ತವೆ. ಬಸವನಹುಳು ಸಿಗದಿದ್ದರೆ ಆ ಮರಿ ಒಂದು ದಿನವೂ ಹೆಚ್ಚು ಬದುಕಲಾರದು. ಇಡೀ ಸರಪಳಿಯಲ್ಲಿ ಕತ್ತರಿಸಲು ಸುಲಭವಾದ ಕೊಂಡಿ ಅದೇ.

ದನಗಳ ಗೊರಕೆ ರೋಗವೂ ಹೀಗೆಯೇ. ಅದರದು ಇನ್ನೊಂದು ಬಸವನಹುಳು, ಚಕ್ಕುಲಿಯ ಹಾಗೆ ಚಪ್ಪಟೆಯಾಗಿ ಸುತ್ತಿದ ಚಿಪ್ಪಿನದು. ಈ ರೋಗ ಬಂದ ಎತ್ತಿನ ಮೂಗಿನೊಳಗೆ ಹೂಕೋಸಿನಂಥ ಗಡ್ಡೆ ಬೆಳೆದು, ಉಸಿರೆಳೆದರೆ ಗೊರಗೊರ ಸದ್ದು ಬೀದಿಗೆ ಕೇಳುತ್ತದೆ. ಇದಕ್ಕೆ ಕಾರಣವಾದ ಹುಳುವನ್ನು 1930ರ ದಶಕದಲ್ಲಿ ಗುರುತಿಸಿ ಹೆಸರಿಟ್ಟವರು ಮದ್ರಾಸಿನ ಎಂ. ಅನಂತನಾರಾಯಣ ರಾವ್. ಆಗ ನಮ್ಮ ಬಳ್ಳಾರಿ ಜಿಲ್ಲೆಯೂ ಮದ್ರಾಸ್ ಪ್ರಾಂತ್ಯದ್ದೇ. ನಾವು ಮೈಸೂರಿಗೆ ಸೇರಿದ್ದು 1953ರಲ್ಲಿ. ಗೊರಕೆ ರೋಗದ ಹುಳು ಬಾಯಿಂದಲ್ಲ, ನೀರಿನಲ್ಲಿ ನಿಂತ ದನದ ಚರ್ಮವನ್ನೇ ಕೊರೆದು ಒಳಗೆ ಹೋಗುತ್ತದೆ.

ಚರ್ಮ ಕೊರೆಯುವ ಈ ಜಾತಿಯ ಮರಿಗಳಿಗೆ ದನ ಯಾವುದು, ಬಟ್ಟೆ ಒಗೆಯುವ ಹೆಂಗಸು ಯಾರು ಎಂಬ ಭೇದ ಗೊತ್ತಾಗುವುದಿಲ್ಲ. ನಮ್ಮ ಕಾಲಿಗೂ ಹೊಗುತ್ತವೆ, ಹೊಕ್ಕು ಅಲ್ಲೇ ಚರ್ಮದಲ್ಲಿ ಸಾಯುತ್ತವೆ. ಉಳಿಯುವುದು ತುರಿಕೆ. ಮೊಣಕಾಲುದ್ದ ನೀರಿನಲ್ಲಿ ನಿಂತು ಸೀರೆ ಜಾಲಿಸಿ ಬಂದವಳು ರಾತ್ರಿಯಿಡೀ ಕಾಲು ಕೆರೆದುಕೊಂಡರೆ "ಸೋಪು ಆಗಿಬರಲ್ಲ" ಎಂದು ಎಲ್ಲರೂ ತೀರ್ಪು ಕೊಡುತ್ತಾರೆ. ಕೆಲವೊಮ್ಮೆ ಸೋಪೇ ಇರಬಹುದು. ಆದರೆ ದನ ಮೈತೊಳೆಯುವ ಕೆರೆಯ ಮೂಲೆಯಲ್ಲಿ ಒಗೆದ ದಿನವೇ ತುರಿಕೆ ಏಕೆ ಎಂದು ಕೇಳುವುದಕ್ಕೆ ಹೆಂಗಸರ ಕಾಲು ಯಾರಿಗೆ ಮುಖ್ಯ?

ಈಗ ಕಾವಲುಗಾರರ ಸುದ್ದಿ. ನೀರುತಿಗಣೆಯನ್ನು ನೀವು ನೋಡಿಯೇ ಇರುತ್ತೀರಿ, ಹೆಸರು ಕೇಳಿರಲಿಕ್ಕಿಲ್ಲ. ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡದು, ಅದೇ ಕಂದು ಬಣ್ಣ, ಮೊಟ್ಟೆಯಾಕಾರದ ಚಪ್ಪಟೆ ಮೈ. ಮುಂದಿನ ಎರಡು ಕಾಲು ಇಕ್ಕಳದ ಹಾಗೆ. ಬೇಟೆಯನ್ನು ಅಪ್ಪಿ ಹಿಡಿದು, ಸೂಜಿಯಂಥ ಮೂತಿ ಚುಚ್ಚಿ, ಒಳಗಿನ ಮಾಂಸವನ್ನು ತನ್ನ ಜೊಲ್ಲಿನಿಂದ ಕರಗಿಸಿ ಎಳನೀರಿನಂತೆ ಹೀರುತ್ತದೆ. ಕೈಯಲ್ಲಿ ಹಿಡಿದರೆ ನಮಗೂ ಚುಚ್ಚುತ್ತದೆ, ಹುಡುಗರಿಗೆ ಚೆನ್ನಾಗಿ ಗೊತ್ತು. ಸೊಳ್ಳೆಮರಿಯೂ ಅದರ ಊಟ, ಬಸವನಹುಳುವೂ ಅದರ ಊಟ. ಕಲ್ಕತ್ತಾದ ಗೌತಮ್ ಆದಿತ್ಯ ಮತ್ತು ಎಸ್.ಕೆ. ರಾವುತ್ ಎಂಬ ಪ್ರಾಣಿಶಾಸ್ತ್ರಜ್ಞರು ಚರಂಡಿ ನೀರಿನ ಬಸವನಹುಳುಗಳನ್ನು ಇದು ಹೇಗೆ ಬೇಟೆಯಾಡುತ್ತದೆ ಎಂದು ಕೂತು ನೋಡಿ 2002ರಲ್ಲಿ ಪ್ರಕಟಿಸಿದರು.

ಇದರ ಸಂಸಾರದ ಕಥೆಯನ್ನು ನಮ್ಮ ಓದುಗ ಅಕ್ಕತಂಗಿಯರಿಗೆ ಹೇಳದೆ ಬಿಡಲಾರೆ. ಹೆಣ್ಣು ಮೊಟ್ಟೆಯಿಡುವುದು ಗಂಡಿನ ಬೆನ್ನಿನ ಮೇಲೆ! ಸಾಲಾಗಿ ಅಂಟಿಸಿ ತನ್ನ ದಾರಿ ಹಿಡಿಯುತ್ತದೆ. ಮೊಟ್ಟೆ ಒಡೆಯುವ ತನಕ ಗಂಡು ಆ ಹೊರೆ ಹೊತ್ತು, ಆಗಾಗ ನೀರಿನ ಮೇಲೆ ಬಂದು ಮೊಟ್ಟೆಗೆ ಗಾಳಿ ತಾಗಿಸಿ ಮತ್ತೆ ಮುಳುಗುತ್ತದೆ. ಹಾರುವುದಕ್ಕೂ ಕಷ್ಟ. ಸ್ಟಾಫ್ ರೂಮಿನಲ್ಲಿ ಈ ಸಂಗತಿ ಹೇಳಿದಾಗ ನನ್ನ ಗೆಳತಿಯೊಬ್ಬಳು "ಮುಂದಿನ ಜನ್ಮ ಇದ್ದರೆ ನೀರುತಿಗಣೆ ಆಗಬೇಕು ಕಣೇ" ಎಂದಳು. ನಕ್ಕೆವು. ಆದರೆ ಇದರಲ್ಲೇ ಇರುವುದು ತೊಂದರೆಯೂ. ಬೆನ್ನ ಮೇಲೆ ಹಿಡಿಯುವಷ್ಟೇ ಮಕ್ಕಳು ಅದಕ್ಕೆ. ಬಸವನಹುಳುವಿನ ಲೆಕ್ಕವೇ ಬೇರೆ. ಈ ಜಾತಿಗಳಲ್ಲಿ ಗಂಡು-ಹೆಣ್ಣು ಎರಡೂ ಒಂದೇ ಒಡಲಲ್ಲಿ. ಜೊತೆಯಿಲ್ಲದಿದ್ದರೆ ಒಂಟಿಯಾಗಿಯೇ ಮೊಟ್ಟೆಯಿಡಬಲ್ಲದು, ಅದೂ ಲೋಳೆಯ ಗುಚ್ಛಗಟ್ಟಲೆ. ಇಬ್ಬರನ್ನೂ ಒಂದೇ ದಿನ ಕೊಂದರೂ ಮೊದಲು ಮನೆ ತುಂಬಿಸುವವರು ಯಾರು ಹೇಳಿ? ಕೊಂದದ್ದೋ ಕಾವಲುಗಾರನನ್ನು ಮಾತ್ರ.

ನೀರುತಿಗಣೆ ಒಂದೇ ಅಲ್ಲ. ಏರೋಪ್ಲೇನ್ ಚಿಟ್ಟೆಯ ಮರಿ ರೆಕ್ಕೆ ಬರುವ ತನಕ ನೀರಿನಲ್ಲೇ ಇದ್ದು ಸಿಕ್ಕ ಸಣ್ಣ ಜೀವವನ್ನೆಲ್ಲ ತಿನ್ನುತ್ತದೆ. ನೀರುಜೀರುಂಡೆಯ ಮರಿಗೆ ಹಸಿವೆಯೇ ಹಸಿವೆ. ಏಷ್ಯಾದ ಕೆಲವು ಮಿಂಚುಹುಳುಗಳ ಮರಿಗಳು ನೀರಿನಲ್ಲಿ ಬೆಳೆದು ಬಸವನಹುಳು ತಿಂದೇ ದೊಡ್ಡವಾಗುತ್ತವೆ. ಜೌಗು ನೊಣ ಎನ್ನಬಹುದಾದ ಒಂದು ಜಾತಿಯ ನೊಣವಿದೆ. ಅದರ ಮರಿಗಳು ಬಸವನಹುಳುವನ್ನು ತಿಂದು ಬದುಕುತ್ತವೆ ಎಂದು ಅಮೆರಿಕದ ಕ್ಲಿಫರ್ಡ್ ಬರ್ಗ್ 1953ರಲ್ಲಿ ಲೋಕಕ್ಕೆ ತಿಳಿಸಿದ. ಅದೇ ದಶಕದ ಕೊನೆಯಲ್ಲಿ ದನಗಳ ಲಿವರ್ ಹುಳುವಿನ ಕಾಟ ತಡೆಯಲಾರದೆ ಹವಾಯಿ ದ್ವೀಪದವರು ನಿಕರಾಗುವಾ ದೇಶದಿಂದ ಆ ನೊಣವನ್ನು ತರಿಸಿಕೊಂಡರು. ಎಲ್ಲಿಂದಲೋ ನೊಣ ತರಿಸಿಕೊಳ್ಳುವವರಿದ್ದಾರೆ, ಕೆರೆಯಲ್ಲೇ ಹುಟ್ಟಿದ್ದನ್ನು ವಿಷವಿಟ್ಟು ಕೊಲ್ಲುವ ನಾವೂ ಇದ್ದೇವೆ.

"ಕೆರಿಯಾಗ ಇಷ್ಟೆಲ್ಲ ತಿಗಣಿ ಇದ್ರೂ ಕುರಿಗೆ ರೋಗ ಯಾಕ ಬಂತು ಮತ್ತ?" ಎಂದು ಆ ಊರಿನ ಹಿರಿಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಬೇಟೆಗಾರ ಬೇಟೆಯನ್ನು ನಿರ್ನಾಮ ಮಾಡುವುದಿಲ್ಲ, ಮಾಡಿದರೆ ನಾಳೆ ಅವನಿಗೇ ಊಟವಿಲ್ಲ. ಹತೋಟಿಯಲ್ಲಿಡುತ್ತಾನೆ ಅಷ್ಟೇ. ಅದರ ಮೇಲೆ ನಮ್ಮ ಕೆರೆಗಳಿಗೆ ಬರುವ ಹೊಲದ ನೀರಿನಲ್ಲಿ ಗೊಬ್ಬರ ಬರುತ್ತದೆ, ಗೊಬ್ಬರಕ್ಕೆ ಪಾಚಿ ಬೆಳೆಯುತ್ತದೆ, ಪಾಚಿ ಬಸವನಹುಳುವಿಗೆ ಹಬ್ಬದೂಟ. ಜೊತೆಗೆ ಸ್ಪ್ರೇ ಪಂಪನ್ನು ತೊಳೆಯುವುದು ಎಲ್ಲಿ? ಕೆರೆಯಲ್ಲಿ. ಒಂದು ಕೈಯಲ್ಲಿ ಕಳ್ಳನಿಗೆ ಊಟ ಬಡಿಸಿ, ಇನ್ನೊಂದು ಕೈಯಲ್ಲಿ ಕಾವಲುಗಾರನ ಕತ್ತು ಹಿಸುಕಿದ ಮೇಲೆ ರೋಗ ಯಾಕೆ ಬಂತೆಂದು ಕೇಳುತ್ತೇವೆ. ತಿಗಣೆಯೊಂದರಿಂದಲೇ ರೋಗ ನಿಲ್ಲುತ್ತದೆ ಎಂದು ನಾನು ಹೇಳುತ್ತಿಲ್ಲ. ಮಳೆಗಾಲದ ಮುಂಚೆ, ಆಮೇಲೆ, ವೈದ್ಯರು ಹೇಳಿದ ಹೊತ್ತಿಗೆ ಜಂತಿನ ಔಷಧಿ ಕುಡಿಸಲೇಬೇಕು. ಅದು ನಿಜವಾದ ಔಷಧಿ. ನೀರಿಳಿದ ಅಂಚಿನಲ್ಲಿ ಕುರಿ ಮೇಯಿಸಬಾರದು. ದನ ಕೆರೆಗಿಳಿಯದಂತೆ ದಂಡೆಯ ಮೇಲೊಂದು ನೀರಿನ ತೊಟ್ಟಿ ಕಟ್ಟಿದರೆ ಅರ್ಧ ಕೆಲಸ ಆದಂತೆ. ಡಬ್ಬಿಗಳ ದುಡ್ಡು ಲೆಕ್ಕ ಹಾಕಿದ್ದರೆ ಆ ಊರಿನಲ್ಲಿ ತೊಟ್ಟಿಗೆ ಸಿಮೆಂಟಾದರೂ ಬರುತ್ತಿತ್ತು.

"ನಾರುಹುಣ್ಣು ಹೋಗಿದ್ದು ಬಾವಿಗೆ ಔಷಧಿ ಹಾಕಿದ್ದಕ್ಕೇ ಅಲ್ಲವೇ?" ಎನ್ನುವವರೂ ಇದ್ದಾರೆ. ಹಾಕಿದ್ದರು, ಇಲ್ಲ ಎನ್ನುವುದಿಲ್ಲ. ಅದು ಕುಡಿಯುವ ನೀರಿನಲ್ಲಿದ್ದ ಸಣ್ಣ ಸೈಕ್ಲಾಪ್ಸ್ ಜೀವಿಗೆ ಅಳತೆ ಮಾಡಿ ಹಾಕಿದ ರಾಸಾಯನಿಕ, ಡಬ್ಬಿ ಬೋರಲು ಹಾಕಿದ್ದಲ್ಲ. ಅದರ ಜೊತೆಗೆ ಮೆಟ್ಟಿಲು ಬಾವಿಗಳನ್ನು ಮುಚ್ಚಿ ಸೇದುವ ಬಾವಿ ಮಾಡಿದರು. ಮನೆಮನೆಯಲ್ಲಿ ಹೆಂಗಸರು ಕೊಡದ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸಿದರು. ದೇಶದ ಕೊನೆಯ ನಾರುಹುಣ್ಣು 1996ರಲ್ಲಿ ಕಂಡಿತು, 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತಕ್ಕೆ ಮುಕ್ತಿಪತ್ರ ಕೊಟ್ಟಿತು. ಆ ಗೆಲುವಿನಲ್ಲಿ ಬಟ್ಟೆ ಕಟ್ಟಿದ ಕೈಗಳನ್ನು ಮರೆತು ಔಷಧಿಯೊಂದನ್ನೇ ನೆನಪಿಟ್ಟುಕೊಂಡರೆ ಹೇಗೆ?

ಪಟ್ಟಣದಲ್ಲಿರುವ ನಿಮಗೆ ಇದರಿಂದ ಏನಾಗಬೇಕು ಎನ್ನಬೇಡಿ. ಭಾನುವಾರದ ಮಟನ್ನು, ಬೆಳಗಿನ ಹಾಲು ಈ ಕೆರೆಗಳ ದಂಡೆಯಿಂದಲೇ ಬರುತ್ತವೆ. ಇನ್ನು ಡೆಂಗ್ಯೂ ಕಾಲದಲ್ಲಿ ಮನೆಯ ಸಿಮೆಂಟು ತೊಟ್ಟಿಗೆ ಆರೋಗ್ಯ ಇಲಾಖೆಯವರು ಅಳೆದು ಮದ್ದು ಹಾಕಿದರೆ ಹಾಕಿಸಿಕೊಳ್ಳಿ, ಅಲ್ಲಿ ಕಾಯಲು ತಿಗಣೆಯಿಲ್ಲ. ಆದರೆ ಅದೇ ಉಮೇದಿನಲ್ಲಿ ಊರ ಕೆರೆಗೂ ಸುರಿಯಿರಿ ಎಂದು ಅರ್ಜಿ ಕೊಡಬೇಡಿ. ಸೊಳ್ಳೆಮರಿ ತಿನ್ನುವವರು ಅಲ್ಲಿ ಸಂಬಳವಿಲ್ಲದೆ ಕೆಲಸ ಮಾಡುತ್ತಿದ್ದಾರೆ.

ನನಗೆ ಇನ್ನೊಂದು ಹೊಟ್ಟೆಯುರಿ ಇದೆ. ಹಗರಿಬೊಮ್ಮನಹಳ್ಳಿಯ ಹತ್ತಿರ ಅಂಕಸಮುದ್ರದ ಕೆರೆ ಇದೆಯಲ್ಲ, 2024ರಲ್ಲಿ ಅದು ರಾಮ್ಸರ್ ಪಟ್ಟಿಗೆ ಸೇರಿತು. ಸಂತೋಷ. ಮಕ್ಕಳನ್ನು ಕರೆದುಕೊಂಡು ಹೋಗಿ ಬಣ್ಣದ ಕೊಕ್ಕರೆ ತೋರಿಸುತ್ತೇವೆ. ಬಾಯ್ಕಳಕ ಕೊಕ್ಕರೆ ತನ್ನ ನಡುವೆ ಸಂದಿರುವ ಕೊಕ್ಕಿನಲ್ಲಿ ದೊಡ್ಡ ಬಸವನಹುಳುವನ್ನು ಹಿಡಿಯುವುದನ್ನು ಫೋಟೋ ತೆಗೆಯುತ್ತೇವೆ. ಅದೇ ನೀರಿನಡಿ, ರೋಗ ತರುವ ಸಣ್ಣ ಬಸವನಹುಳುಗಳ ಮೇಲೆ ಅದೇ ಕೆಲಸ ಮಾಡುವ ತಿಗಣೆಗೆ ಒಂದು ಬೋರ್ಡಿಲ್ಲ, ಪಾಠದಲ್ಲಿ ಒಂದು ಸಾಲಿಲ್ಲ. ನಾನು ಓದುವ ಕಾಲಕ್ಕೆ ಉಪಕಾರಿ ಕೀಟ ಎಂದರೆ ಜೇನು, ರೇಷ್ಮೆ, ಅರಗು, ಮುಗಿಯಿತು. ನಮಗೆ ಮಾರಿ ಲಾಭ ಬಂದರೆ ಉಪಕಾರಿ, ಇಲ್ಲದಿದ್ದರೆ ಪೀಡೆ.

ಕೂಡ್ಲಿಗಿ ಸೀಮೆಯ 74 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆಗಾಗಿ ನಮ್ಮ ಜನ ವರ್ಷಗಟ್ಟಲೆ ಬಾಯಿಬಿಟ್ಟು ಕಾದವರು. ನೀರು ಬೇಡ ಎನ್ನುವ ಹುಚ್ಚಿ ನಾನಲ್ಲ. ಆದರೆ ನೀರಿನ ಜೊತೆ ಏನು ಬರುತ್ತದೆ, ಏನು ಬಾರದೆ ಉಳಿಯುತ್ತದೆ ಎಂದೂ ನೋಡಬೇಕು. ಆಫ್ರಿಕದ ಸೆನೆಗಲ್ ನದಿಗೆ 1986ರಲ್ಲಿ ಡಯಾಮಾ ಎಂಬಲ್ಲಿ ಅಣೆಕಟ್ಟೆ ಮುಗಿಸಿದರು. ಉಪ್ಪುನೀರು ನಿಂತಿತು, ಹೊಲಕ್ಕೆ ಸಿಹಿನೀರು ಬಂತು. ಬಸವನಹುಳು ತಿನ್ನುತ್ತಿದ್ದ ಸಿಗಡಿ ಮೀನಿಗೆ ಮಾತ್ರ ಸಮುದ್ರದ ದಾರಿ ಮುಚ್ಚಿತು. ಕೆಲವೇ ವರ್ಷಗಳಲ್ಲಿ ರಿಚರ್ಡ್ ಟಾಲ್ ಊರಿನ ಸುತ್ತ ಬಿಲ್ಹಾರ್ಜಿಯಾ ಕಾಡ್ಗಿಚ್ಚಿನಂತೆ ಹಬ್ಬಿತು. ಮತ್ತೆ ಸಿಗಡಿ ತಂದು ಬಿಟ್ಟು, ರೋಗ ಇಳಿಯುತ್ತದೆ ಎಂದು ತೋರಿಸಿದ್ದು 2015ರಲ್ಲಿ, ಸುಮಾರು ಮೂವತ್ತು ವರ್ಷಗಳ ಮೇಲೆ.

ಪಕ್ಕದ ಊರಿನ ಕೆರೆಗೆ ಮತ್ತೊಮ್ಮೆ ಔಷಧಿ ಹಾಕುವ ಮಾತು ಎದ್ದಿದೆ. ಮೊದಲ ಸಲದ್ದು ಸಾಲಲಿಲ್ಲವಂತೆ. ನಾನು ಬೇಡವೆಂದಾಗ ಅಲ್ಲಿನ ಮುಖಂಡರೊಬ್ಬರು "ಮೇಡಂ, ನೀವು ಕನ್ನಡ ಕಲಿಸೋರು. ಹುಳದ ಸುದ್ದಿ ನಿಮಗ್ಯಾಕ?" ಎಂದರು. ನಿಜ, ನಾನು ಬಿ.ಎ., ಬಿ.ಇಡಿ. ಓದಲು ಬರೆಯಲು ಮಾತ್ರ ಬರುತ್ತದೆ. ಏಳು ಕುರಿ ಕಳೆದುಕೊಂಡ ಆ ತಾಯಿ ಆಮೇಲೆ ನನ್ನನ್ನು ಬಸ್‌ಸ್ಟ್ಯಾಂಡಿನವರೆಗೆ ಕಳಿಸಿಕೊಡಲು ಬಂದವಳು, "ಟೀಚರಮ್ಮಾ, ಎಮ್ಮಿ ನೀರು ಕುಡಿಯೋದೂ ಅದ್ರಾಗ, ನಾವು ಅರಿವಿ ಒಗಿಯೋದೂ ಅದ್ರಾಗ. ಸುರಿಯೋ ಮುಂದ ನಮ್ಮನ್ನ ಒಂದು ಮಾತು ಕೇಳಬಾರದಿತ್ತಾ?" ಎಂದಳು.

ಮುಂದಿನ ಗ್ರಾಮಸಭೆಗೆ ಆಕೆ ಓಣಿಯ ಹೆಂಗಸರನ್ನು ಕರೆತರುತ್ತಾಳೆ. ಡಬ್ಬಿಯ ಮೇಲೆ ಒಂದು ಚೌಕದ ಗುರುತಿರುತ್ತದೆ, ಅದರ ಕೆಳಗಿನ ಅರ್ಧಕ್ಕೆ ಕೆಂಪು, ಹಳದಿ, ನೀಲಿ, ಇಲ್ಲವೇ ಹಸಿರು ಬಣ್ಣ. ಕೆಂಪಿದ್ದರೆ ಎಲ್ಲಕ್ಕಿಂತ ಘೋರ. ಡಬ್ಬಿಯ ಜೊತೆ ಒಂದು ಮಡಿಸಿದ ಚೀಟಿಯೂ ಬರುತ್ತದೆ, ಅದನ್ನು ಯಾರೂ ಬಿಚ್ಚಿರುವುದಿಲ್ಲ. ನಾನು ಆ ಚೀಟಿಯನ್ನು ಬಿಚ್ಚಿ ಮುಖಂಡರ ಕೈಗೆ ಕೊಟ್ಟು, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿ ಎನ್ನುತ್ತೇನೆ. ಕನ್ನಡ ಕಲಿಸುವವಳು ಅಷ್ಟಾದರೂ ಕೇಳಬಹುದಲ್ಲ.